ವೇದನೆ ಮತ್ತು ಪ್ರತೀಕಾರ: ಎರಡು ಜೈನ ಕಥೆಗಳ ಪರಾಮರ್ಶೆ

ದೇಹದಲ್ಲಿ ನೋವಿದೆ, ಆದರೆ ಪರೀಕ್ಷೆಗಳಲ್ಲಿ ಅದರ ಕಾರಣ ಕಾಣುವುದಿಲ್ಲ ಎಂಬ ಸ್ಥಿತಿ ಇಂದು ಅನೇಕ ಕುಟುಂಬಗಳಿಗೆ ಪರಿಚಿತವಾದುದು. ಬೆನ್ನಿನಲ್ಲೋ, ಕುತ್ತಿಗೆಯಲ್ಲೋ, ಕೀಲುಗಳಲ್ಲೋ, ಕಿಬ್ಬೊಟ್ಟೆಯಲ್ಲೋ ಆರಂಭವಾದ ವೇದನೆ ತಿಂಗಳುಗಳು ಕಳೆದರೂ ಶಮನವಾಗುವುದಿಲ್ಲ. ರಕ್ತಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್‌ಗಳ ವರದಿಗಳು ಮಾತ್ರ ದೋಷವಿಲ್ಲವೆಂದೇ ಬರುತ್ತವೆ. ಆಗ ರೋಗಿಗೆ ನೋವಿನ ಜೊತೆಗೆ, ಆ ನೋವು ನಿಜವೆಂದು ಇತರರನ್ನು ನಂಬಿಸಬೇಕಾದ ಕಷ್ಟವೂ ಸೇರುತ್ತದೆ. ಜೈನ ಕುಟುಂಬಗಳಲ್ಲಿ ಇನ್ನೂ ಒಂದು ಕಷ್ಟ ಕೂಡಿಕೊಳ್ಳುವುದುಂಟು. ವೈದ್ಯರು ಖಾಲಿ ಬಿಟ್ಟ ಸ್ಥಳವನ್ನು 'ಪೂರ್ವಾರ್ಜಿತ ಕರ್ಮ' ಎಂಬ ಮಾತು ತುಂಬುತ್ತದೆ. ಅದರ ಬೆನ್ನಿಗೇ 'ಸನತ್ಕುಮಾರ ಚಕ್ರವರ್ತಿ ಎಷ್ಟು ಸಹಿಸಲಿಲ್ಲ?' ಎಂಬ ನಿದರ್ಶನ ಬರುತ್ತದೆ. ಆಡಿದವರ ಉದ್ದೇಶ ಸಾಂತ್ವನವೇ ಇರಬಹುದು. ಕೇಳಿದವರಿಗೆ ಅದು ತೀರ್ಪಿನಂತೆ ಕೇಳಿಸುತ್ತದೆ.

ಈ ನಿದರ್ಶನವು ನಿಜವಾಗಿಯೂ ಹೇಳುವುದೇನು, ಅದನ್ನು ಯಾರು ಯಾರಿಗೆ ಯಾವಾಗ ಹೇಳುತ್ತಿದ್ದರು ಎಂಬುದನ್ನು ಪರಿಶೀಲಿಸುವುದು ಅಗತ್ಯವಾಗಿದೆ. ಕಥೆಯ ಒಂದು ಭಾಗವನ್ನಷ್ಟೇ ಎತ್ತಿ ಆಡುವುದರಿಂದ ಕಥೆಗೂ ಅನ್ಯಾಯ, ರೋಗಿಗೂ ಅನ್ಯಾಯ. ಸನತ್ಕುಮಾರನ ಕಥೆಯ ಪಕ್ಕದಲ್ಲಿ ಅದೇ ಪರಂಪರೆಯ ಇನ್ನೊಂದು ಕಥೆಯನ್ನು, ಭಸ್ಮಕವ್ಯಾಧಿಗೆ ಗುರಿಯಾದ ಸಮಂತಭದ್ರಾಚಾರ್ಯರ ಕಥೆಯನ್ನು, ಇಟ್ಟು ನೋಡಿದಾಗ ಶಾಸ್ತ್ರದ ನಿಲುವು ಸ್ಪಷ್ಟವಾಗುತ್ತದೆ.

ಸನತ್ಕುಮಾರನ ಕಥೆಯನ್ನು ಕನ್ನಡಿಗರು ಬಲ್ಲುದು ಮುಖ್ಯವಾಗಿ 'ವಡ್ಡಾರಾಧನೆ'ಯಿಂದ. ಸುಮಾರು 10ನೆಯ ಶತಮಾನದ ಈ ಗದ್ಯಕೃತಿಯ 19 ಕಥೆಗಳಲ್ಲಿ ಇದು ನಾಲ್ಕನೆಯದು. ಕಥೆಯ ಹುರುಳು ಸರ್ವವಿದಿತವಾದುದು. ಹನ್ನೆರಡು ಚಕ್ರವರ್ತಿಗಳಲ್ಲಿ ನಾಲ್ಕನೆಯವನಾದ ಸನತ್ಕುಮಾರನು ರೂಪಕ್ಕೆ ಹೆಸರಾದವನು. ದೇವಲೋಕದಲ್ಲಿ ಅವನ ರೂಪದ ಪ್ರಶಂಸೆಯನ್ನು ಕೇಳಿ ನೋಡಲು ಬಂದ ದೇವತೆಗಳು, ಆ ರೂಪವು ಕ್ಷಣಕ್ಷಣಕ್ಕೂ ಕುಂದುತ್ತಿರುವುದನ್ನು ತಿಳಿಸುತ್ತಾರೆ. ಅವನು ವೈರಾಗ್ಯ ಹೊಂದಿ ದೀಕ್ಷೆ ವಹಿಸುತ್ತಾನೆ. ಮುನಿಯಾದ ಮೇಲೆ ತುರಿ, ಜ್ವರ, ಕೆಮ್ಮು, ಅರುಚಿ, ಕಣ್ಣುನೋವು, ಹೊಟ್ಟೆನೋವು ಮೊದಲಾದ ವ್ಯಾಧಿಗಳು ಅವನನ್ನು ಒಟ್ಟಿಗೆ ಮುತ್ತುತ್ತವೆ. ದೀರ್ಘಕಾಲ ಅವನ್ನು ಸಹಿಸುತ್ತಾನೆ. ವೈದ್ಯವೇಷದಲ್ಲಿ ಬಂದ ದೇವತೆ ಚಿಕಿತ್ಸೆ ನೀಡುವೆನೆಂದಾಗ, ಸಂಸಾರವೆಂಬ ವ್ಯಾಧಿಗೆ ಮದ್ದುಂಟೇ ಎಂದು ಮುನಿಯು ಕೇಳುತ್ತಾನೆ. ಆ ಮದ್ದು ತನ್ನಲ್ಲಿಲ್ಲವೆಂದು ದೇವತೆಯೇ ಒಪ್ಪಿಕೊಳ್ಳಬೇಕಾಗುತ್ತದೆ.

ಈ ಕಥೆಯ ಗಾಂಭೀರ್ಯವನ್ನು ಅಲ್ಲಗಳೆಯುವಂತಿಲ್ಲ. ನೋವನ್ನು ಅದು ಮರೆಮಾಚುವುದಿಲ್ಲ. ತುರಿಯನ್ನು ತುರಿಯೆಂದೇ, ಹೊಟ್ಟೆನೋವನ್ನು ಹೊಟ್ಟೆನೋವೆಂದೇ ಹೆಸರಿಸುತ್ತದೆ. ಮುನಿಗೆ ನೋವೇ ಆಗಲಿಲ್ಲವೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಆದರೆ ಚಿಕಿತ್ಸೆಯನ್ನು ಬೇಡವೆನ್ನುವವನು ಯಾರು ಎಂಬುದನ್ನು ಗಮನಿಸಬೇಕು. ಷಟ್ಖಂಡವನ್ನು ಆಳಿ, ಸಕಲ ಭೋಗಗಳನ್ನೂ ಉಂಡು, ಸ್ವೇಚ್ಛೆಯಿಂದ ಎಲ್ಲವನ್ನೂ ತೊರೆದ ಮಹಾಮುನಿ ಅವನು. ಅವನು ತನ್ನ ದೇಹಕ್ಕೆ ಮಾತ್ರ ಮದ್ದನ್ನು ನಿರಾಕರಿಸಿದನೇ ಹೊರತು ಇತರರಿಗೆ ಅದು ಬೇಡವೆಂದು ವಿಧಿಸಲಿಲ್ಲ. ಮದ್ದು ತಂದ ದೇವತೆಯನ್ನು ಪಾಪಿಯೆಂದೂ ಕಥೆ ಚಿತ್ರಿಸುವುದಿಲ್ಲ.

ಇದಕ್ಕಿಂತ ಮುಖ್ಯವಾದುದು ಕಥೆ ಹುಟ್ಟಿದ ಸಂದರ್ಭ. ವಡ್ಡಾರಾಧನೆಯ ಕಥೆಗಳಿಗೆ ಮೂಲವಾದುದು 'ಭಗವತೀ ಆರಾಧನೆ'ಯ ಪ್ರಾಕೃತ ಗಾಹೆಗಳು. ಆ ಗ್ರಂಥದಲ್ಲಿ ಸನತ್ಕುಮಾರನ ನಿದರ್ಶನ ಬರುವುದು 'ಕವಚ' ಎಂಬ ಪ್ರಕರಣದಲ್ಲಿ. ಸಲ್ಲೇಖನವನ್ನು ಸ್ವೀಕರಿಸಿದ ಕ್ಷಪಕನು ವೇದನೆಯಿಂದ ಧೃತಿಗೆಟ್ಟಾಗ, ಯುದ್ಧಕ್ಕೆ ಹೊರಟವನಿಗೆ ಕವಚ ತೊಡಿಸುವಂತೆ, ನಿರ್ಯಾಪಕಾಚಾರ್ಯರು ಪೂರ್ವದ ಮಹಾಪುರುಷರ ಧೈರ್ಯವನ್ನು ನೆನಪಿಸುವ ಸ್ಥಳ ಅದು. ಈ ಕವಚ ಬರುವುದಕ್ಕೆ ಮುಂಚೆ ಗ್ರಂಥದಲ್ಲಿ ಬೇರೆ ಎರಡು ಸಂಗತಿಗಳು ಬಂದಿರುತ್ತವೆ. ಪ್ರವಚನಗಳಲ್ಲಿ ಅವು ವಿರಳವಾಗಿ ಕೇಳಿಬರುತ್ತವೆ.

ಮೊದಲನೆಯದು ಸೇವೆ. ಒಬ್ಬ ಕ್ಷಪಕನ ಪರಿಚರ್ಯೆಗೆ 48 ಮಂದಿ ನಿರ್ಯಾಪಕ ಮುನಿಗಳಿರಬೇಕೆಂದು ಗ್ರಂಥ ಹೇಳುತ್ತದೆ. ಕಾಲದೋಷದಿಂದ ಅಷ್ಟು ಮಂದಿ ದೊರೆಯದಿದ್ದರೆ ಕನಿಷ್ಠ ಇಬ್ಬರಾದರೂ ಬೇಕು. ಮೈಯೊತ್ತುವವರು, ಮಗ್ಗುಲು ತಿರುಗಿಸುವವರು, ಧರ್ಮಕಥೆ ಹೇಳುವವರು, ರಾತ್ರಿ ಎಚ್ಚರವಿರುವವರು ಎಂದು ಅವರ ಕರ್ತವ್ಯಗಳನ್ನು ಹಂಚಲಾಗಿದೆ. ಎರಡನೆಯದು ಚಿಕಿತ್ಸೆ. ಕ್ಷಪಕನಿಗೆ ವೇದನೆ ತಲೆದೋರಿದರೆ ವೈದ್ಯರ ಸಲಹೆಯಂತೆ ಶಾಖ, ಲೇಪ, ಶೀತೋಪಚಾರ, ಅಂಗಮರ್ದನಗಳಿಂದ ಅದನ್ನು ಶಮನಗೊಳಿಸಬೇಕೆಂದು ಅಲ್ಲಿ ವಿಧಿಯಿದೆ. ಹೀಗೆಲ್ಲ ಮಾಡಿದ ಮೇಲೂ ತೀವ್ರ ಕರ್ಮೋದಯದಿಂದ ವೇದನೆ ಶಮನವಾಗದಿದ್ದರೆ, ಆಗ ಕವಚ. ಅಂದರೆ ದೇಹವನ್ನು ತ್ಯಜಿಸಲು ಹೊರಟವನ ವಿಷಯದಲ್ಲಿಯೂ ಶಾಸ್ತ್ರದ ಕ್ರಮವು ಮೊದಲು ಪರಿಚರ್ಯೆ, ಬಳಿಕ ಪ್ರತೀಕಾರ, ಕೊನೆಗೆ ಸಹನೆಯ ಉಪದೇಶ. ಸಂಸಾರ ಮಾಡಿಕೊಂಡು ಮಕ್ಕಳನ್ನು ಸಾಕಬೇಕಾದ ಶ್ರಾವಕನಿಗೋ ಶ್ರಾವಿಕೆಗೋ ಮೊದಲೆರಡನ್ನು ಬಿಟ್ಟು ಮೂರನೆಯದನ್ನಷ್ಟೇ ನೀಡುವುದು ಆ ಗ್ರಂಥಕ್ಕೆ ಅನುಗುಣವಾದ ನಡೆಯಾಗದು.

ಇನ್ನು ಸಮಂತಭದ್ರರ ಕಥೆ. ಆಚಾರ್ಯರಿಗೆ ಭಸ್ಮಕವ್ಯಾಧಿ ಬಂದಿತ್ತೆಂಬ ಸ್ಮರಣೆ ಬಹಳ ಹಿಂದಿನದು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ, ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿಯು ಅವರನ್ನು ಆ ವ್ಯಾಧಿಯನ್ನು ಜಯಿಸಿದವರೆಂದೇ ಸ್ತುತಿಸುತ್ತದೆ. ಪ್ರಭಾಚಂದ್ರನ ಕಥಾಕೋಶದಲ್ಲಿಯೂ, ಕನಕಗಿರಿಯ ದೇವಚಂದ್ರನು 19ನೆಯ ಶತಮಾನದಲ್ಲಿ ರಚಿಸಿದ 'ರಾಜಾವಳೀಕಥೆ'ಯಲ್ಲಿಯೂ ಕಥೆ ವಿಸ್ತಾರಗೊಂಡಿದೆ. ಸ್ಥಳ ಮತ್ತು ವಿವರಗಳಲ್ಲಿ ಪಾಠಭೇದಗಳಿವೆ. ಇದನ್ನು ಇತಿಹಾಸವೆಂದು ಸಾಧಿಸುವ ಅಗತ್ಯ ಇಲ್ಲಿಲ್ಲ. ಸಮಾಜವು ತನ್ನ ಮಹಾನ್ ಆಚಾರ್ಯರ ಬಗ್ಗೆ ಯಾವ ಕಥೆಯನ್ನು ಉಳಿಸಿಕೊಂಡಿತು ಎಂಬುದೇ ವಿಚಾರಣೀಯ.

ಭಸ್ಮಕವೆಂದರೆ ಉಂಡದ್ದನ್ನೆಲ್ಲ ಸುಟ್ಟುಬಿಡುವ ಜಠರಾಗ್ನಿಯ ವಿಕಾರ. ದಿನಕ್ಕೊಮ್ಮೆ ನಿಂತು, ಅಂಗೈಯಲ್ಲಿ ಮಿತವಾಗಿ ಉಣ್ಣುವ ನಿಯಮದ ಮುನಿಗೆ ಇದಕ್ಕಿಂತ ಕಠಿಣವಾದ ರೋಗವಿರಲಾರದು. ಹೊರನೋಟಕ್ಕೆ ಇದು ರೋಗದಂತೆಯೂ ಕಾಣುವುದಿಲ್ಲ; ನಾಲಗೆಯ ಚಾಪಲ್ಯವೆಂದು ಜನ ಹಳಿಯಬಹುದಾದಂಥದು. ರಾಜಾವಳೀಕಥೆಯ ಪ್ರಕಾರ ಸಮಂತಭದ್ರರು ಗುರುವಿನ ಬಳಿ ಸಲ್ಲೇಖನಕ್ಕೆ ಅನುಮತಿ ಕೇಳುತ್ತಾರೆ. ಗುರುಗಳು ಅನುಮತಿಯನ್ನು ನಿರಾಕರಿಸುತ್ತಾರೆ. ಈ ಶಿಷ್ಯನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಬಹಳವಿದೆ. ಆದುದರಿಂದ ಮುನಿವೇಷವನ್ನು ಬಿಟ್ಟಾದರೂ ಸರಿ, ರೋಗ ಶಮನವಾಗುವಂತೆ ಆಹಾರ ಸೇವಿಸಿ, ಗುಣವಾದ ಮೇಲೆ ಪುನಃ ದೀಕ್ಷೆ ವಹಿಸಬೇಕೆಂಬುದು ಗುರುವಿನ ಆಜ್ಞೆ. ವ್ರತದ ಮಹತ್ತ್ವವನ್ನು ಚೆನ್ನಾಗಿ ಬಲ್ಲ ಗುರುವೇ ವ್ರತವನ್ನು ತಾತ್ಕಾಲಿಕವಾಗಿ ಇಳಿಸಿಡಲು ಹೇಳುವ ಈ ಸನ್ನಿವೇಶಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಮುಂದಿನದು ಅಲೆದಾಟ. ಪುಂಡ್ರದೇಶದಲ್ಲಿ ಬೌದ್ಧಭಿಕ್ಷುವಿನ ವೇಷ, ದಶಪುರದಲ್ಲಿ ಪರಿವ್ರಾಜಕನ ವೇಷ, ವಾರಾಣಸಿಯಲ್ಲಿ ಶೈವ ತಪಸ್ವಿಯ ವೇಷ ಎಂದು ಒಂದು ಪಾಠ. ದೇವಚಂದ್ರನ ಪಾಠದಲ್ಲಿ ಕಾಂಚಿಯ ಶಿವಾಲಯ. ಉಪಶಮನಕ್ಕಾಗಿ ಊರೂರು ತಿರುಗುವ, ಒಂದೆಡೆ ಫಲ ಕಾಣದೆ ಮತ್ತೊಂದೆಡೆಗೆ ಹೋಗುವ ಈ ಸ್ಥಿತಿ ಇಂದಿನ ದೀರ್ಘರೋಗಿಗಳಿಗೆ ಅಪರಿಚಿತವಲ್ಲ. ಮೂಳೆಯ ತಜ್ಞರಿಂದ ನರದ ತಜ್ಞರಿಗೆ, ಅಲ್ಲಿಂದ ಆಯುರ್ವೇದಕ್ಕೆ, ಅಲ್ಲಿಂದ ಪ್ರಕೃತಿಚಿಕಿತ್ಸೆಗೆ ಹೋದವರನ್ನು 'ಒಂದು ಕಡೆ ನಿಲ್ಲುವ ಸ್ವಭಾವವಿಲ್ಲ' ಎಂದು ಆಕ್ಷೇಪಿಸುವುದುಂಟು. ಆಚಾರ್ಯರ ಅಲೆದಾಟವನ್ನು ಯಾವ ಕಥೆಗಾರನೂ ಚಂಚಲತೆಯೆಂದು ಹಳಿದಿಲ್ಲ.

ಕಥೆಯ ಕೊನೆಯ ಭಾಗವು ಪವಾಡಕ್ಕಾಗಿ ಪ್ರಸಿದ್ಧವಾಗಿದೆ. ಆಚಾರ್ಯರು ತೀರ್ಥಂಕರರನ್ನು ಸ್ತುತಿಸುತ್ತ ಎಂಟನೆಯವರಾದ ಚಂದ್ರಪ್ರಭರ ಸ್ತುತಿಗೆ ಬಂದಾಗ ಲಿಂಗವು ಸೀಳಿ ಜಿನಬಿಂಬವು ಪ್ರಕಟವಾಯಿತೆಂಬುದೇ ಬಹುಮಂದಿಗೆ ನೆನಪಿರುವ ಭಾಗ. ಆದರೆ ರೋಗವು ಗುಣವಾದುದು ಪವಾಡದಿಂದಲ್ಲ. ದೇವಾಲಯದ ನೈವೇದ್ಯವನ್ನು ದಿನದಿನವೂ ಸೇವಿಸುತ್ತ ಬಂದುದರಿಂದ ವ್ಯಾಧಿ ಮೆಲ್ಲಮೆಲ್ಲನೆ ಇಳಿಯಿತು. ಇಳಿದುದಕ್ಕೆ ಸಾಕ್ಷಿಯಾಗಿ ನೈವೇದ್ಯ ಉಳಿಯತೊಡಗಿತು. ಉಳಿದ ಅನ್ನವೇ ಅರಸನ ಸಂಶಯಕ್ಕೆ ಕಾರಣವಾಗಿ, ಪರೀಕ್ಷೆಯ ಪ್ರಸಂಗವನ್ನು ತಂದಿತು. ಪವಾಡ ನಡೆಯುವ ಹೊತ್ತಿಗೆ ರೋಗಿ ಚೇತರಿಸಿಕೊಂಡಾಗಿತ್ತು. ಕಥೆಯನ್ನು ಪವಾಡಕ್ಕೆ ಮಾತ್ರ ಸೀಮಿತಗೊಳಿಸುವ ಪ್ರವಚನಗಳು, ಗುರುವಿನ ವಿವೇಕವನ್ನೂ ಕಾಲಾವಧಿಯ ಪಥ್ಯವನ್ನೂ ಕೈಬಿಡುತ್ತವೆ. ಚೇತರಿಕೆಯೇ ಸಂಶಯಕ್ಕೆ ಕಾರಣವಾಗುವ ವಿಪರ್ಯಾಸವೂ ಇಲ್ಲಿ ಗಮನಾರ್ಹ. ನೋವು ಸ್ವಲ್ಪ ತಗ್ಗಿದ ದಿನ ಮದುವೆಗೆ ಹೋಗಿ ನಕ್ಕು ಬಂದ ಸೊಸೆಯನ್ನು, ಮಾರನೆಯ ದಿನ ಹಾಸಿಗೆ ಹಿಡಿದಾಗ 'ನಿನ್ನೆ ಚೆನ್ನಾಗಿಯೇ ಇದ್ದಳಲ್ಲ' ಎನ್ನುವ ಮನೆಗಳಲ್ಲಿ ನಡೆಯುವುದು ಇದೇ.

ಈ ಎರಡು ಕಥೆಗಳು ಪರಸ್ಪರ ವಿರುದ್ಧವೆಂದು ತೋರಬಹುದು. ಇವುಗಳ ಸಮನ್ವಯವನ್ನು ಸಮಂತಭದ್ರರ ಕೃತಿಯೆಂದು ಪ್ರಸಿದ್ಧವಾದ 'ರತ್ನಕರಂಡಕ ಶ್ರಾವಕಾಚಾರ'ದಲ್ಲಿಯೇ ಕಾಣಬಹುದು. ಸಲ್ಲೇಖನಕ್ಕೆ ಯೋಗ್ಯವಾದ ಸಂದರ್ಭಗಳನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಹೆಸರಿಸಿ, ಅವು ಪ್ರತೀಕಾರವಿಲ್ಲದಂಥವಾಗಿರಬೇಕೆಂಬ ವಿಶೇಷಣವನ್ನು ಅಲ್ಲಿ ಸೇರಿಸಲಾಗಿದೆ. ಪ್ರತೀಕಾರವಿದೆಯೇ ಇಲ್ಲವೇ ಎಂಬುದು ಹುಡುಕದೆ ತಿಳಿಯುವಂಥದಲ್ಲ. ಆದ್ದರಿಂದ ಪರಿಹಾರದ ಅನ್ವೇಷಣೆಯು ಧರ್ಮಶ್ರದ್ಧೆಯ ಕೊರತೆಯಲ್ಲ. ಧರ್ಮವೇ ಅದನ್ನು ಪೂರ್ವಾಪೇಕ್ಷೆಯಾಗಿ ಇಟ್ಟುಕೊಂಡಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಬೇಗ ಮರಣ ಬರಲೆಂಬ ಇಚ್ಛೆಯನ್ನು ಸಲ್ಲೇಖನದ ಅತಿಚಾರಗಳಲ್ಲಿ ಎಣಿಸುತ್ತದೆ. ದೀರ್ಘಕಾಲದ ನೋವಿನಿಂದ ಬಳಲಿ 'ಇನ್ನು ಸಾಕು' ಎನ್ನುವವರ ಮಾತನ್ನು ವೈರಾಗ್ಯವೆಂದು ಮೆಚ್ಚಿಕೊಳ್ಳುವುದು ಅಪಾಯಕರ. ಅದು ಸಹಾಯಕ್ಕಾಗಿ ಕೂಗುವ ದನಿ. ತಡಮಾಡದೆ ವೈದ್ಯರ ನೆರವನ್ನೂ ಮನೆಯವರ ಸಾಮೀಪ್ಯವನ್ನೂ ಒದಗಿಸುವುದೇ ಸಮಂತಭದ್ರರ ಗುರುವು ತೋರಿದ ಮಾರ್ಗ.

ಕರ್ಮಸಿದ್ಧಾಂತದ ಮಾತೇನು? ವೇದನೆಯು ಅಸಾತಾವೇದನೀಯದ ಉದಯದಿಂದ ಉಂಟಾಗುತ್ತದೆಂಬುದು ಸಿದ್ಧಾಂತ, ಅದರಲ್ಲಿ ವಿವಾದವಿಲ್ಲ. ಆದರೆ ಈ ಸಾಮಾನ್ಯ ನಿಯಮವನ್ನು ತಿಳಿದಿರುವುದು ಬೇರೆ, ಇಂಥವರ ಇಂಥ ನೋವಿಗೆ ಇಂಥ ಕೃತ್ಯವೇ ಕಾರಣವೆಂದು ಹೇಳುವುದು ಬೇರೆ. ಜೈನ ಕಥಾಸಾಹಿತ್ಯದ ಒಂದು ಕಟ್ಟುಪಾಡನ್ನು ಇಲ್ಲಿ ಸ್ಮರಿಸಬೇಕು. ಪಾತ್ರವೊಂದರ ದುಃಖಕ್ಕೆ ಪೂರ್ವಭವದ ಕಾರಣವನ್ನು ತಿಳಿಸುವವರು ಅವಧಿಜ್ಞಾನಿಯಾದ ಮುನಿಗಳು ಅಥವಾ ಕೇವಲಿಗಳು. ನೆರೆಮನೆಯವರೋ ನೆಂಟರೋ ಆ ಅಧಿಕಾರವನ್ನು ಚಲಾಯಿಸುವುದಿಲ್ಲ. ಕರ್ಮದ ಫಲವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಅವಲಂಬಿಸಿದೆಯೆಂದೂ ಶಾಸ್ತ್ರವೇ ಹೇಳುತ್ತದೆ. ಔಷಧ, ಪಥ್ಯ, ವಿಶ್ರಾಂತಿ, ಪ್ರಿಯವಚನಗಳು ಆ ನಿಮಿತ್ತಗಳಿಗೆ ಹೊರಗಾದವುಗಳಲ್ಲ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಇನ್ನೂ ಕಟುವಾದ ಸತ್ಯವನ್ನು ಮುಂದಿಡುತ್ತದೆ. ದುಃಖ, ಶೋಕ, ತಾಪ, ಆಕ್ರಂದನ ಮೊದಲಾದವನ್ನು ತನ್ನಲ್ಲಾಗಲಿ ಪರರಲ್ಲಾಗಲಿ ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣ. ಜೀವಿಗಳಲ್ಲಿ ಅನುಕಂಪೆ, ದಾನ, ಕ್ಷಮೆಗಳು ಸಾತಾವೇದನೀಯಕ್ಕೆ ಕಾರಣ. ಹೀಗಿರುವಾಗ, ನರಳುತ್ತಿರುವವರನ್ನು 'ನಿನ್ನ ಕರ್ಮ' ಎಂದು ನೋಯಿಸುವ ವ್ಯಕ್ತಿ ಯಾವ ಕರ್ಮದ ಹೆಸರು ಹೇಳುತ್ತಾನೋ ಅದನ್ನೇ ತನಗೆ ಕಟ್ಟಿಕೊಳ್ಳುತ್ತಾನೆ. ಇದೇ ಸೂತ್ರದ ವ್ಯಾಖ್ಯಾನದಲ್ಲಿ, 'ಸರ್ವಾರ್ಥಸಿದ್ಧಿ'ಕಾರರಾದ ಪೂಜ್ಯಪಾದರು, ಕರುಣೆಯಿಂದ ಸಂಯಮಿಯೊಬ್ಬನ ಹುಣ್ಣನ್ನು ಕೊಯ್ಯುವ ವೈದ್ಯನ ದೃಷ್ಟಾಂತವನ್ನು ಕೊಟ್ಟು, ನೋವಿಗೆ ನಿಮಿತ್ತನಾದರೂ ಅವನಿಗೆ ಪಾಪಬಂಧವಿಲ್ಲವೆನ್ನುತ್ತಾರೆ. ಮುನಿಗೆ ವೈದ್ಯನು ಚಿಕಿತ್ಸೆ ಮಾಡುವುದು ಅವರಿಗೆ ಅಸಹಜವೆಂದು ತೋರಿಲ್ಲ.

ನೋವಿನ ಬಗ್ಗೆಯೇ ಚಿಂತಿಸುತ್ತಿರುವುದು ಆರ್ತಧ್ಯಾನವಲ್ಲವೇ ಎಂಬ ಆಕ್ಷೇಪವೂ ಬರುವುದುಂಟು. ನಿಜ, ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ವೇದನೆಯನ್ನು ಕುರಿತ ಚಿಂತನೆಯೂ ಒಂದು. ಆದರೆ ಅದೇ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನವು ಅವಿರತರಲ್ಲಿ, ದೇಶವಿರತರಲ್ಲಿ, ಪ್ರಮತ್ತಸಂಯತರಾದ ಮುನಿಗಳಲ್ಲಿಯೂ ಸಂಭವಿಸುತ್ತದೆಂದು ಒಪ್ಪುತ್ತದೆ. ಆರನೆಯ ಗುಣಸ್ಥಾನದವರೆಗೆ ಸಂಭವಿಸುವ ಒಂದು ಸ್ಥಿತಿಯನ್ನು ಗೃಹಿಣಿಯೊಬ್ಬಳ ವೈಯಕ್ತಿಕ ದೌರ್ಬಲ್ಯವೆಂದು ಎಣಿಸುವುದು ಸಲ್ಲದು. ನೋವು ತಗ್ಗಿದಾಗ ಆ ಚಿಂತನೆಯೂ ತಗ್ಗಲು ಅವಕಾಶ ಹೆಚ್ಚು. ಈ ದೃಷ್ಟಿಯಿಂದಲೂ ಚಿಕಿತ್ಸೆಯು ಧರ್ಮಧ್ಯಾನಕ್ಕೆ ಸಹಕಾರಿಯೇ.

ಆಧುನಿಕ ವೈದ್ಯಶಾಸ್ತ್ರವು ಕಾರಣ ಕಾಣದ ನೋವನ್ನು ಈಗ ಕಲ್ಪನೆಯೆಂದು ತಳ್ಳಿಹಾಕುವುದಿಲ್ಲ. ವೇದನೆಯ ಅಧ್ಯಯನಕ್ಕಾಗಿರುವ ಅಂತರರಾಷ್ಟ್ರೀಯ ಸಂಘವು 1979ರ ತನ್ನ ವ್ಯಾಖ್ಯೆಯನ್ನು 2020ರಲ್ಲಿ ಪರಿಷ್ಕರಿಸಿತು. ಅಂಗಾಂಶದ ಹಾನಿಗೆ ಸಂಬಂಧಿಸಿದ, ಅಥವಾ ಅಂಥದನ್ನು ಹೋಲುವ, ಅಹಿತಕರ ಅನುಭವವೇ ವೇದನೆಯೆಂದೂ, ನೋವಿದೆಯೆಂದು ಹೇಳುವವರ ಮಾತನ್ನು ಗೌರವಿಸಬೇಕೆಂದೂ ಅದು ತಿಳಿಸಿದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ನೋವನ್ನು ದೀರ್ಘಕಾಲಿಕವೆಂದು ಪರಿಗಣಿಸಲಾಗುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ, ದೀರ್ಘಕಾಲಿಕ ವೇದನೆಯು ತಾನೇ ಒಂದು ರೋಗವಾಗಿರಬಹುದೆಂಬುದಕ್ಕೆ ಸ್ಥಾನ ದೊರೆತಿದೆ. ಗಾಯವಿಲ್ಲದಿದ್ದರೂ ನರವ್ಯೂಹವು ನೋವಿನ ಸಂಕೇತಗಳನ್ನು ಅತಿಯಾಗಿ ಗ್ರಹಿಸುವ ಸ್ಥಿತಿಯುಂಟು. ಆಗ ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿರುವುದು ಆಶ್ಚರ್ಯವಲ್ಲ. ಇಂಥ ವೇದನೆಗೆ ಒಂದೇ ಗುಳಿಗೆಯಿಂದ ಪೂರ್ಣ ಪರಿಹಾರ ದೊರೆಯುವುದು ಅಪರೂಪ; ಮೆಲ್ಲನೆ ಹೆಚ್ಚಿಸುವ ವ್ಯಾಯಾಮ, ನಿದ್ರೆಯ ಕ್ರಮ, ಆಯ್ದ ಔಷಧಗಳು, ಮಾನಸಿಕ ಆಧಾರ ಇವೆಲ್ಲ ಕೂಡಿ ಬದುಕನ್ನು ಸಹ್ಯವಾಗಿಸಬಲ್ಲವು. ಸಿದ್ಧಾಂತವನ್ನು ವಿಜ್ಞಾನದ ಮೂಲಕ ಸಮರ್ಥಿಸುವ ಅಗತ್ಯವಿಲ್ಲ. ಆದರೆ ರೋಗಿಯ ಮಾತನ್ನು ನಂಬಬೇಕೆಂಬಲ್ಲಿ ಎರಡರ ನೀತಿಯೂ ಒಂದೇ.

ನಂಬುವುದರ ಆದರ್ಶವನ್ನು ರತ್ನಕರಂಡಕವು ಉದ್ದಾಯನ ರಾಜನಲ್ಲಿ ಕಂಡಿದೆ. ಸಮ್ಯಗ್ದರ್ಶನದ ನಿರ್ವಿಚಿಕಿತ್ಸಾ ಎಂಬ ಅಂಗಕ್ಕೆ ಅವನೇ ನಿದರ್ಶನ. ಕಥೆಗಳ ಪ್ರಕಾರ ರೋಗಪೀಡಿತ ಮುನಿಯೊಬ್ಬರು ಅರಸನಿತ್ತ ಆಹಾರವನ್ನು ಉಂಡು, ಅವನ ಮೇಲೆಯೇ ವಾಂತಿ ಮಾಡುತ್ತಾರೆ. ಅರಸನು ಅಸಹ್ಯಪಡದೆ, ತಾನಿತ್ತ ಆಹಾರವೇ ಮುನಿಗೆ ವಿರುದ್ಧವಾಯಿತೇನೋ ಎಂದು ತನ್ನನ್ನೇ ನಿಂದಿಸಿಕೊಳ್ಳುತ್ತಾನೆ. ಆ ಮುನಿಯು ಅವನನ್ನು ಪರೀಕ್ಷಿಸಲು ಬಂದ ದೇವನೆಂಬುದು ಕೊನೆಗೆ ತಿಳಿಯುತ್ತದೆ. ಅಂದರೆ ಅಲ್ಲಿ ರೋಗವೇ ನಿಜವಾದುದಲ್ಲ. ಹಾಗಿದ್ದೂ ಅರಸನನ್ನು ಮೋಸಹೋದವನೆಂದು ಕಥೆ ಹಾಸ್ಯ ಮಾಡುವುದಿಲ್ಲ. ಪ್ರಮಾಣ ಕೇಳದೆ ಸೇವೆ ಮಾಡಿದುದಕ್ಕಾಗಿಯೇ ಅವನನ್ನು ಆದರ್ಶವಾಗಿಸಿದೆ. ರೋಗಿಯ ನೋವು ನಿಜವೋ ನಟನೆಯೋ ಎಂದು ನಿರ್ಣಯಿಸಿದ ಮೇಲೆಯೇ ಕರುಣೆ ತೋರುವೆವೆನ್ನುವವರಿಗೆ ಈ ಕಥೆಯಲ್ಲಿ ಉತ್ತರವಿದೆ.

ಕರ್ಣಾಟಕದ ಜೈನರು ವೈದ್ಯವನ್ನು ಧರ್ಮದ ಅಂಗವಾಗಿ ಬೆಳೆಸಿದವರು. ಉಗ್ರಾದಿತ್ಯಾಚಾರ್ಯರು 9ನೆಯ ಶತಮಾನದಲ್ಲಿ 'ಕಲ್ಯಾಣಕಾರಕ'ವನ್ನು ರಚಿಸಿ ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯನ್ನು ನಿರೂಪಿಸಿದರು. ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. ಮಂಗರಾಜನು 'ಖಗೇಂದ್ರಮಣಿದರ್ಪಣ'ದಲ್ಲಿ ವಿಷವೈದ್ಯವನ್ನು ಬರೆದನು. ಅಹಿಂಸೆಗೆ ಭಂಗವಿಲ್ಲದೆ ನೋವನ್ನು ಹೇಗೆ ಶಮನಗೊಳಿಸಬೇಕೆಂಬುದೇ ಉಗ್ರಾದಿತ್ಯರ ಶ್ರಮದ ಹಿಂದಿದ್ದ ಚಿಂತನೆ. ನೋವನ್ನು ಶಮನಗೊಳಿಸಬೇಕೇ ಎಂಬ ಸಂದೇಹ ಅವರಿಗಿರಲಿಲ್ಲ. ಆಹಾರ, ಅಭಯ, ಶಾಸ್ತ್ರಗಳೊಡನೆ ಔಷಧವನ್ನೂ ಚತುರ್ವಿಧ ದಾನಗಳಲ್ಲಿ ಎಣಿಸಿದ ಸಮಾಜ ಇದು.

ಆ ಪರಂಪರೆಯ ಮುಂದುವರಿಕೆಯಾಗಿ ಬಸದಿಗಳ ಆಡಳಿತ ಮಂಡಲಿಗಳು ಮಾಡಬಹುದಾದ ಕಾರ್ಯಗಳು ದೊಡ್ಡವಲ್ಲ. ನೆಲದ ಮೇಲೆ ಕೂರಲಾರದವರಿಗೆ, ವಯಸ್ಸನ್ನು ವಿಚಾರಿಸದೆ, ಪ್ರವಚನ ಮಂಟಪದಲ್ಲಿ ಕುರ್ಚಿ ಇರಿಸಬಹುದು. ಪರ್ವದ ದಿನಗಳಲ್ಲಿ ಉಪವಾಸ ಮಾಡಲಾಗದವರನ್ನು ಪ್ರಶ್ನಿಸದಿರಬಹುದು. ನಿತ್ಯ ಔಷಧ ಸೇವಿಸುವವರು ವೈದ್ಯರನ್ನು ಕೇಳಿಯೇ ಉಪವಾಸ ಕೈಗೊಳ್ಳುವಂತೆ ತಿಳಿಹೇಳಬಹುದು. ಔಷಧದಾನದ ನಿಧಿಯನ್ನು ಶಸ್ತ್ರಚಿಕಿತ್ಸೆಗೆ ಮಾತ್ರ ಮೀಸಲಿಡದೆ, ವರ್ಷಗಟ್ಟಲೆ ನಡೆಯುವ ನೋವಿನ ಚಿಕಿತ್ಸೆಗೂ ವಿನಿಯೋಗಿಸಬಹುದು. ಒಂಟಿಯಾಗಿರುವ ರೋಗಿಗಳ ಮನೆಗೆ ವಾರಕ್ಕೊಮ್ಮೆ ಇಬ್ಬರು ಹೋಗಿ ಮನೆಗೆಲಸಕ್ಕೆ ಕೈಜೋಡಿಸುವುದು ಶ್ರಾವಕರ ಪಾಲಿನ ವೈಯಾವೃತ್ತ್ಯವೇ ಆದೀತು.

ಇಷ್ಟಾದ ಮೇಲೂ ನೋವು ಪೂರ್ಣವಾಗಿ ಹೋಗದವರು ಇದ್ದೇ ಇರುತ್ತಾರೆ. ಸನತ್ಕುಮಾರನ ಕಥೆ ಅವರಿಗೆ ಬೇಡವೆಂದಲ್ಲ. ಪ್ರತೀಕಾರದ ಎಲ್ಲೆ ಮುಗಿದ ಸ್ಥಳದಲ್ಲಿ, ಸುತ್ತಲೂ ಸೇವೆಯ ಕೈಗಳಿರುವಾಗ, ರೋಗಿಯೇ ಇಚ್ಛಿಸಿ ಕೇಳಿದರೆ ಅದು ಇಂದಿಗೂ ಕವಚವಾಗಬಲ್ಲದು. ದೇಹವೇ ತಾನಲ್ಲವೆಂಬ ಭೇದವಿಜ್ಞಾನದಿಂದ ಧೈರ್ಯ ಪಡೆದ ರೋಗಿಗಳೂ ಇದ್ದಾರೆ. ಆದರೆ ಆ ಕವಚವನ್ನು ತೊಡಿಸಲು ಹೊರಟವರು ಮೊದಲು ನಿರ್ಯಾಪಕರ ಕರ್ತವ್ಯವನ್ನು ಪೂರೈಸಿರಬೇಕು. ಮಗ್ಗುಲು ತಿರುಗಿಸಲು ಬಾರದವರಿಗೆ ಕಥೆ ಹೇಳುವ ಅಧಿಕಾರವನ್ನು ಭಗವತೀ ಆರಾಧನೆಯು ಎಲ್ಲಿಯೂ ಕೊಟ್ಟಿಲ್ಲ.